ಮೋಟರ್‌ಹೋಮ್‌ನಲ್ಲಿ ಫ್ರಾನ್ಸಿನ ಚೀಸ್ ಯಾತ್ರೆ: ಹುಲ್ಲು ಚಿಗುರುವ ಕಾಲ ನೋಡಿ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಪ್ಯಾರಿಸ್ಸಿನ ಒಂದು ಒಳ್ಳೆಯ ಚೀಸ್ ಅಂಗಡಿಗೆ ಹೋದರೆ ಅರ್ಧ ಗಂಟೆಯಲ್ಲಿ ಹತ್ತಾರು ಬಗೆಯ ಚೀಸ್ ಕಣ್ಣಿಗೆ ಬೀಳುತ್ತವೆ. ಅಷ್ಟಕ್ಕೇ ಆಗಿದ್ದರೆ ದೊಡ್ಡ ಗಾಡಿ ಬಾಡಿಗೆಗೆ ಹಿಡಿದು ಹಳ್ಳಿ ಸುತ್ತಬೇಕಿಲ್ಲ. ಸುತ್ತಬೇಕಾದದ್ದು ಬೇರೆ ಕಾರಣಕ್ಕೆ. ಹಸು ಮೇದದ್ದು ಯಾವ ಹುಲ್ಲುಗಾವಲಿನಲ್ಲಿ, ಅದರ ತಳಿ ಯಾವುದು, ಹಾಲು ಕಾಯಿಸಿದರೋ ಹಾಗೇ ಹೆಪ್ಪುಗಟ್ಟಿಸಿದರೋ, ಯಾವ ನೆಲಮಾಳಿಗೆಯಲ್ಲಿ ಎಷ್ಟು ತಿಂಗಳು ಮಾಗಿತು ಎಂಬುದೆಲ್ಲ ಸೇರಿ ಚೀಸ್‌ಗೆ ರುಚಿ ಬರುತ್ತದೆ. ಇವು ಯಾವುವೂ ಅಂಗಡಿಯ ಗಾಜಿನ ಹಿಂದೆ ಕಾಣುವುದಿಲ್ಲ. ಕಾಣುವ ಜಾಗಗಳಿಗೆ ರೈಲಿಲ್ಲ, ಬಸ್ಸು ಅಪರೂಪ, ಹೋಟೆಲ್ ದೂರ. ಹಾಲು ಕರೆಯುವುದೋ ಬೆಳಗಿನ ಜಾವ. ಆ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿರಬೇಕೆಂದರೆ ರಾತ್ರಿ ಅಲ್ಲೇ ಪಕ್ಕದಲ್ಲಿ ಮಲಗಿರಬೇಕು. ಮೋಟರ್‌ಹೋಮ್ ಬೇಕಾಗುವುದು ಇದಕ್ಕೆ.

ನಕ್ಷೆಯ ಮೇಲೆ ಚೀಸ್‌ಗಳ ಹೆಸರು ಗುರುತು ಹಾಕಿಕೊಂಡು ಊರಿಂದೂರಿಗೆ ಓಡುವವರು ಬಹಳ. ನನ್ನ ಸಲಹೆ ಬೇರೆ: ಮೊದಲು ಕ್ಯಾಲೆಂಡರ್ ತೆಗೆಯಿರಿ, ಹುಲ್ಲು ಎಲ್ಲಿ ಯಾವಾಗ ಚಿಗುರುತ್ತದೆ ಎಂದು ನೋಡಿ, ಆಮೇಲೆ ಒಂದೇ ಒಂದು ಪ್ರದೇಶ ಆರಿಸಿ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ.

ಹಂತ 1: ಕಾಲ ಮೊದಲು, ಊರು ಆಮೇಲೆ

ಒಳ್ಳೆಯ ಚೀಸ್‌ಗೂ ಮಾವಿನ ಹಣ್ಣಿಗಿರುವಂತೆ ಋತುವಿದೆ. ಆಡುಗಳು ಚಳಿಗಾಲದ ಕೊನೆಯಲ್ಲಿ ಮರಿ ಹಾಕುತ್ತವೆ; ಹಾಗಾಗಿ ಲ್ವಾರ್ ಕಣಿವೆಯ ಆಡಿನ ಚೀಸ್ ತಿನ್ನಲು ಏಪ್ರಿಲ್‌ನಿಂದ ಜೂನ್ ತುಂಬಾ ಒಳ್ಳೆಯ ಕಾಲ. ನೀಲಿ ಗೆರೆಗಳ ರಾಕ್‌ಫೋರ್ ಚೀಸ್‌ಗೆ ಹಾಲು ಕೊಡುವ ಲಕೋನ್ ತಳಿಯ ಕುರಿಗಳನ್ನು ಕರೆಯುವುದು ಸುಮಾರಾಗಿ ಡಿಸೆಂಬರ್‌ನಿಂದ ಜುಲೈವರೆಗೆ. ಸಾಲೆರ್ಸ್ ಎಂಬ ಚೀಸ್ ಅನ್ನು ನಿಯಮದ ಪ್ರಕಾರವೇ ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಮಾತ್ರ, ಹಸುಗಳು ಹೊರಗೆ ಹಸಿ ಹುಲ್ಲು ಮೇಯುವಾಗ ಮಾತ್ರ ಮಾಡಬಹುದು. 2022ರ ಬೇಸಿಗೆಯಲ್ಲಿ ಬರ ಬಿದ್ದು ಹುಲ್ಲು ಒಣಗಿದಾಗ ರೈತರು ಅದರ ತಯಾರಿಕೆಯನ್ನೇ ನಿಲ್ಲಿಸಿದರು. ಮರದ ತೊಗಟೆಯ ಪಟ್ಟಿ ಸುತ್ತಿದ ಮೋಂದೋರ್ ಚೀಸ್‌ನ ಕಥೆ ಇದಕ್ಕೆ ತದ್ವಿರುದ್ಧ. ಅದನ್ನು ಮಾಡುವುದು ಆಗಸ್ಟ್ 15ರಿಂದ ಮಾರ್ಚ್ 15ರವರೆಗೆ, ಅಂಗಡಿಗೆ ಬರುವುದು ಸೆಪ್ಟೆಂಬರ್ 10ರಿಂದ ಮೇ 10ರವರೆಗೆ. ಜುಲೈನಲ್ಲಿ ಹೋಗಿ ಕೇಳಿದರೆ ಎಲ್ಲೂ ಸಿಗದು.

ಆಲ್ಪ್ಸ್ ಬೆಟ್ಟಗಳಿಗೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಹೋಗಿ. ಆಗ ಹಸುಗಳು ಮೇಲಿನ ಹುಲ್ಲುಗಾವಲುಗಳಲ್ಲಿರುತ್ತವೆ, ಘಾಟ್ ರಸ್ತೆಗಳೂ ತೆರೆದಿರುತ್ತವೆ. ಆಗಸ್ಟ್ ತಿಂಗಳನ್ನು ಆದಷ್ಟೂ ಬಿಟ್ಟುಬಿಡಿ. ಇಡೀ ಫ್ರಾನ್ಸ್ ರಜೆಯ ಮೇಲಿರುತ್ತದೆ, ತಂಗುದಾಣಗಳು ತುಂಬಿರುತ್ತವೆ, ಸೆಖೆಗೆ ಮೆತ್ತನೆಯ ಚೀಸ್ ಗಾಡಿಯಲ್ಲಿ ಕರಗಿ ಹರಿಯುತ್ತದೆ. ಮೊದಲ ಸಲ ಹೋಗುವವರಿಗೆ ಮೇ ಕೊನೆಯಿಂದ ಜೂನ್ ಕೊನೆಯವರೆಗಿನ ಕಾಲವನ್ನೇ ಹೇಳುತ್ತೇನೆ. ಅದು ತಪ್ಪಿದರೆ ಸೆಪ್ಟೆಂಬರ್.

ಎರಡು ವಾರವಿದ್ದರೆ ಒಂದು ಬೆಟ್ಟಸಾಲು ಸಾಕು. ದಿನಕ್ಕೆ 100 ಕಿಲೋಮೀಟರ್ ಮೀರಬೇಡಿ. ಮೀರಿದರೆ ನೀವು ನೋಡುವುದು ರಸ್ತೆಯನ್ನು ಮಾತ್ರ.

ಹಂತ 2: ಗಾಡಿ ಮತ್ತು ಕಾಗದಪತ್ರ

ಫ್ರೆಂಚರು ಮೋಟರ್‌ಹೋಮ್‌ಗೆ ಕಾಂಪಿಂಗ್-ಕಾರ್ ಎನ್ನುತ್ತಾರೆ. ಒಟ್ಟು ತೂಕ 3.5 ಟನ್ ಮೀರದ ಗಾಡಿಗೆ ಸಾಮಾನ್ಯ ಕಾರಿನ ಲೈಸೆನ್ಸ್ ಸಾಕು. ಭಾರತದ ಲೈಸೆನ್ಸ್ ಇರುವವರು ಊರಿನ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅದರ ಅವಧಿ ಒಂದು ವರ್ಷ. ಮೂಲ ಲೈಸೆನ್ಸ್ ಕೂಡ ಕೈಯಲ್ಲಿರಬೇಕು. ಬಾಡಿಗೆ ಕೊಡುವವರಲ್ಲಿ ಕೆಲವರು ಯುರೋಪಿನ ಹೊರಗಿನ ಲೈಸೆನ್ಸ್ ಒಪ್ಪುವುದಿಲ್ಲ. ಮುಂಗಡ ಕಟ್ಟುವ ಮೊದಲೇ ಇದನ್ನು ಬರಹದಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಠೇವಣಿಯಾಗಿ ದೊಡ್ಡ ಮೊತ್ತವನ್ನು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಕಾರ್ಡಿನ ಮಿತಿ ನೋಡಿಕೊಳ್ಳಿ. ಷೆಂಗೆನ್ ವೀಸಾದಲ್ಲಿ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದು.

ಗಾಡಿಯ ಅಳತೆಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಆರು ಮೀಟರ್ ಉದ್ದದ ವ್ಯಾನ್ ಮಾದರಿಯದನ್ನೇ ತೆಗೆದುಕೊಳ್ಳಿ. ಏಳೂವರೆ ಮೀಟರ್ ಗಾಡಿಯಲ್ಲಿ ಮಂಚ ದೊಡ್ಡದು, ಸ್ನಾನದ ಕೋಣೆ ದೊಡ್ಡದು, ಆದರೆ ಚೀಸ್ ಮಾಡುವವರ ಮನೆಗೆ ಹೋಗುವ ದಾರಿ ಚಿಕ್ಕದು. ಎರಡು ಕಲ್ಲುಗೋಡೆಗಳ ನಡುವೆ ಟ್ರ್ಯಾಕ್ಟರ್ ಎದುರಾದಾಗ ಹಿಂದಕ್ಕೆ ಹೋಗಬೇಕಾದವರು ನೀವೇ. ಎತ್ತರ 3 ಮೀಟರಿನೊಳಗಿದ್ದರೆ ಹೆದ್ದಾರಿಯ ಟೋಲ್‌ನಲ್ಲಿ ಎರಡನೇ ದರ್ಜೆಯ ಶುಲ್ಕ, ಮೀರಿದರೆ ಮೂರನೆಯದು. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗ್ ಬಾಗಿಲಲ್ಲಿ ಎತ್ತರ ತಡೆಯುವ ಅಡ್ಡಪಟ್ಟಿ ಇರುತ್ತದೆ. ಗಾಡಿಯ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿಕೊಳ್ಳಿ.

ಚಾಲನೆ ಬಲಬದಿಯಲ್ಲಿ. ಊರೊಳಗೆ ಗಂಟೆಗೆ 50 ಕಿ.ಮೀ., ಹಳ್ಳಿಗಾಡಿನ ದ್ವಿಪಥ ರಸ್ತೆಯಲ್ಲಿ 80 (ಕೆಲವು ಜಿಲ್ಲೆಗಳಲ್ಲಿ 90), ಹೆದ್ದಾರಿಯಲ್ಲಿ 130, ಮಳೆ ಬಂದರೆ 110. ನಮ್ಮವರನ್ನು ಗೊಂದಲಕ್ಕೆ ಕೆಡಹುವುದು ಒಂದು ನಿಯಮ: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೇ ಮೊದಲ ಹಕ್ಕು, ಅದು ಎಷ್ಟೇ ಚಿಕ್ಕ ಓಣಿಯಿಂದ ಬಂದರೂ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಬೆಟ್ಟದ ಪ್ರದೇಶಗಳಲ್ಲಿ ಚಳಿಗಾಲದ ಟೈರ್ ಅಥವಾ ಸರಪಳಿ ಕಡ್ಡಾಯ.

ಹಂತ 3: ರಾತ್ರಿ ಎಲ್ಲಿ ನಿಲ್ಲುವುದು

ಈ ಯಾತ್ರೆಯ ಜೀವಾಳ ಇರುವುದು ಇಲ್ಲಿ. 1990ರ ದಶಕದ ಆರಂಭದಿಂದ ನಡೆದುಬಂದಿರುವ ಫ್ರಾನ್ಸ್ ಪ್ಯಾಸಿಯೋ ಎಂಬ ಜಾಲವಿದೆ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಿದರೆ ಗಾಜಿಗೆ ಅಂಟಿಸುವ ಚೀಟಿ ಮತ್ತು ಆತಿಥೇಯರ ಪಟ್ಟಿ ಸಿಗುತ್ತದೆ. ದ್ರಾಕ್ಷಿ ತೋಟದವರು, ಜೇನು ಸಾಕುವವರು, ಆಡು ಹಸು ಸಾಕಿ ಚೀಸ್ ಮಾಡುವವರು ತಮ್ಮ ಜಮೀನಿನಲ್ಲಿ 24 ಗಂಟೆ ಉಚಿತವಾಗಿ ನಿಲ್ಲಲು ಬಿಡುತ್ತಾರೆ. ಅವರಿಂದ ಏನಾದರೂ ಕೊಳ್ಳಲೇಬೇಕೆಂಬ ನಿಯಮವಿಲ್ಲ. ಗಾಡಿಯಲ್ಲಿ ಶೌಚಾಲಯ, ನೀರಿನ ತೊಟ್ಟಿ, ಕೊಳೆನೀರಿನ ತೊಟ್ಟಿ ಇರಲೇಬೇಕು, ಏಕೆಂದರೆ ಆತಿಥೇಯರು ಕೊಡುವುದು ಜಾಗ ಮಾತ್ರ.

ಹೋದ ಕೂಡಲೇ ಗಾಡಿ ನಿಲ್ಲಿಸಿ ಪರದೆ ಎಳೆದು ಕೂರಬೇಡಿ. ಮನೆಯವರನ್ನು ಹುಡುಕಿ 'ಬೋಂಜೂರ್' ಎನ್ನಿ, ಎಲ್ಲಿ ನಿಲ್ಲಲಿ ಎಂದು ಕೇಳಿ, ಹೊರಡುವಾಗ ಹೇಳಿ ಹೊರಡಿ. ಸಂಜೆ ಐದು ಗಂಟೆಯೊಳಗೆ ತಲುಪಿದರೆ ಸಂಜೆಯ ಕರಾವು ನೋಡಲು ಸಿಗಬಹುದು; ಕತ್ತಲಾದ ಮೇಲೆ ಹೋಗಿ ಬಾಗಿಲು ಬಡಿದರೆ ಅವರಿಗೂ ಕಷ್ಟ, ನಿಮಗೂ ಸಂಕೋಚ. ಬೆಳಿಗ್ಗೆ ಹಾಲು ಕರೆಯುವುದನ್ನು, ಹೆಪ್ಪು ಹಾಕುವುದನ್ನು ನೋಡಬಹುದೇ ಎಂದು ಹಿಂದಿನ ಸಂಜೆಯೇ ಕೇಳಿ. ತಮ್ಮ ಹಸುಗಳ ಬಗ್ಗೆ ಕೇಳುವವರು ಬಂದರೆ ಹೆಮ್ಮೆಯಿಂದ ತೋರಿಸುವವರೇ ಹೆಚ್ಚು. ಒಳಗೆ ಬಿಡುವುದಿಲ್ಲ ಎಂದರೆ ಒತ್ತಾಯಿಸಬೇಡಿ. ಹಸಿ ಹಾಲಿನ ಚೀಸ್ ಮಾಡುವ ಕೋಣೆಯ ಶುಚಿತ್ವದ ನಿಯಮ ಕಟ್ಟುನಿಟ್ಟು.

ಎರಡು ಮೂರು ದಿನಕ್ಕೊಮ್ಮೆ ನೀರು ತುಂಬಿಸಿ ತೊಟ್ಟಿ ಖಾಲಿ ಮಾಡಲು ಊರ ಪಂಚಾಯಿತಿಗಳು ನಡೆಸುವ 'ಏರ್' ಎಂಬ ತಂಗುದಾಣಗಳಿಗೆ ಹೋಗಿ. ಕೆಲವು ಉಚಿತ, ಕೆಲವಕ್ಕೆ ಟೋಕನ್ ಅಥವಾ ಕಾರ್ಡ್. ಶೌಚದ ಪೆಟ್ಟಿಗೆಯನ್ನು ಅದಕ್ಕೆಂದೇ ಇರುವ ಗುಂಡಿಯಲ್ಲಿ ಮಾತ್ರ ಖಾಲಿ ಮಾಡಬೇಕು, ಎಂದೂ ಹೊಲದ ಬದುವಿನಲ್ಲಿ ಅಲ್ಲ. ಸಾಮಾನ್ಯ ಪಾರ್ಕಿಂಗ್ ಜಾಗದಲ್ಲಿ ನಿಂತರೆ ಕುರ್ಚಿ, ಮೇಜು, ಚಪ್ಪರ ಹೊರಗೆ ಹಾಕಬೇಡಿ. ಹಾಕಿದ ಕೂಡಲೇ ಅದು ಪಾರ್ಕಿಂಗ್ ಹೋಗಿ ಕ್ಯಾಂಪಿಂಗ್ ಆಗುತ್ತದೆ, ದಂಡ ಬೀಳುತ್ತದೆ.

ಹಂತ 4: ಚೀಟಿ ಓದುವುದನ್ನು ಕಲಿಯಿರಿ

ಕೆಂಪು ಹಳದಿ ಬಣ್ಣದ ಎ.ಒ.ಪಿ. ಮುದ್ರೆ ಇದ್ದರೆ ಆ ಚೀಸ್ ಯಾವ ಊರುಗಳ ಮಿತಿಯಲ್ಲಿ, ಯಾವ ಪ್ರಾಣಿಯ ಹಾಲಿನಿಂದ, ಯಾವ ವಿಧಾನದಲ್ಲಿ, ಎಷ್ಟು ದಿನ ಮಾಗಿಸಿ ಮಾಡಬೇಕೆಂದು ಕಾನೂನೇ ಹೇಳಿದೆ ಎಂದರ್ಥ. ಆದರೆ ಮುದ್ರೆ ನೋಡಿ ನಿಲ್ಲಬೇಡಿ, ಇನ್ನೆರಡು ಪದ ಹುಡುಕಿ. 'ಲೇ ಕ್ರ್ಯು' ಎಂದಿದ್ದರೆ ಪಾಶ್ಚರೀಕರಿಸದ ಹಸಿ ಹಾಲಿನದು. 'ಫೆರ್ಮಿಯೆ' ಎಂದಿದ್ದರೆ ಒಂದೇ ಹೊಲಮನೆಯ ಹಾಲಿನಿಂದ ಅಲ್ಲೇ ಮಾಡಿದ್ದು. 'ಲೆತಿಯೆ' ಎಂದರೆ ಹಲವರ ಹಾಲು ಸೇರಿಸಿ ಡೇರಿಯಲ್ಲಿ ಮಾಡಿದ್ದು. ಸೇಂಟ್-ನೆಕ್ಟೇರ್ ಚೀಸ್‌ನ ಮೈಮೇಲೆ ಅಂಟಿರುವ ಹಸಿರು ಬಿಲ್ಲೆ ಮೊಟ್ಟೆಯಾಕಾರದಲ್ಲಿದ್ದರೆ ಹೊಲಮನೆಯದು, ಚೌಕವಾಗಿದ್ದರೆ ಡೇರಿಯದು. ಆಲ್ಪ್ಸ್‌ನ ರೆಬ್ಲೋಶೋನ್ ಚೀಸ್‌ನಲ್ಲಿ ಹಸಿರು ಬಿಲ್ಲೆ ಹೊಲಮನೆಗೆ, ಕೆಂಪು ಡೇರಿಗೆ. ಎರಡನ್ನೂ ಕೊಂಡು ಒಂದೇ ತಟ್ಟೆಯಲ್ಲಿಟ್ಟು ತಿಂದು ನೋಡಿ. ಪುಸ್ತಕ ಓದಿ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

ನಾರ್ಮಂಡಿಯಲ್ಲಿ ಹೆಸರಿನ ಒಂದೊಂದು ಪದವೂ ಮುಖ್ಯ. 'ಕಾಮೆಂಬೆರ್ ದ ನಾರ್ಮಂಡಿ' ಎ.ಒ.ಪಿ. ಚೀಸ್: ಹಸಿ ಹಾಲು, ಸೌಟಿನಿಂದ ಪದರಪದರವಾಗಿ ಐದು ಸಲ ಅಚ್ಚಿಗೆ ಹಾಕಿದ್ದು. ಬರೀ 'ಕಾಮೆಂಬೆರ್' ಎಂದಷ್ಟೇ ಇದ್ದರೆ ಅದು ಬೇರೆಯೇ ವಸ್ತು, ಕಾರ್ಖಾನೆಯ ಪಾಶ್ಚರೀಕರಿಸಿದ ಹಾಲಿನದೂ ಆಗಿರಬಹುದು.

ಹಸಿ ಹಾಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ರೋಗನಿರೋಧಕ ಶಕ್ತಿ ಕುಂದಿದವರು ಇದನ್ನು ತಿನ್ನಬಾರದೆಂದು ಫ್ರಾನ್ಸಿನ ಆರೋಗ್ಯಾಧಿಕಾರಿಗಳೇ ಹೇಳುತ್ತಾರೆ. ಕೋಂತೆ, ಬೋಫೋರ್‌ನಂಥ, ಬಿಸಿ ಮಾಡಿ ಒತ್ತಿ ದೀರ್ಘಕಾಲ ಮಾಗಿಸಿದ ಗಟ್ಟಿ ಚೀಸ್‌ಗಳಿಗೆ ಈ ನಿರ್ಬಂಧವಿಲ್ಲ. ಮಕ್ಕಳೊಂದಿಗೆ ಹೋಗುವ ಕುಟುಂಬಗಳು ಕೋಂತೆ ತಯಾರಾಗುವ ಜ್ಯೂರಾ ಪ್ರದೇಶವನ್ನು ಆರಿಸಲು ಇದೊಂದೇ ಕಾರಣ ಸಾಕು.

ಹಂತ 5: ಸಸ್ಯಾಹಾರಿಗಳು ಮೊದಲೇ ತಿಳಿದಿರಬೇಕಾದದ್ದು

ಇದನ್ನು ಮುಚ್ಚಿಡುವುದು ಸರಿಯಲ್ಲ. ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಬಹುಪಾಲು ಹಾಲನ್ನು ಹೆಪ್ಪುಗಟ್ಟಿಸುವುದು ರೆನೆಟ್‌ನಿಂದ, ಅಂದರೆ ಎಳೆಗರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ. ಕೋಂತೆ, ಬೋಫೋರ್, ರಾಕ್‌ಫೋರ್, ಕಾಮೆಂಬೆರ್ ಎಲ್ಲವೂ ಹೀಗೆಯೇ. ಹಸಿ ಹಾಲಿನ ಮೆತ್ತನೆಯ ಆಡಿನ ಚೀಸ್‌ಗೂ ಕೆಲವು ಹನಿ ಹಾಕುತ್ತಾರೆ. ಮನೆಯಲ್ಲಿ ನಿಂಬೆರಸ ಹಿಂಡಿ ಪನೀರ್ ಮಾಡುವ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ.

ಕಟ್ಟುನಿಟ್ಟಿನ ಸಸ್ಯಾಹಾರಿಯಾಗಿದ್ದರೆ 'ಪ್ರೆಜ್ಯೂರ್ ವೆಜೆತಾಲ್?' (ಸಸ್ಯಮೂಲದ್ದೇ?) ಅಥವಾ 'ಮಿಕ್ರೋಬಿಯೆನ್?' (ಸೂಕ್ಷ್ಮಾಣು ಮೂಲದ್ದೇ?) ಎಂದು ಕೇಳುವುದನ್ನು ಬಾಯಿಪಾಠ ಮಾಡಿಕೊಳ್ಳಿ. ಎ.ಒ.ಪಿ. ಮುದ್ರೆಯಿಲ್ಲದ ಸಣ್ಣ ಹೊಲಮನೆಗಳಲ್ಲಿ, ಸಾವಯವ ಕೃಷಿಕರಲ್ಲಿ ಹೌದು ಎನ್ನುವವರು ಸಿಗುತ್ತಾರೆ. ಹಾಗೆ ಹುಡುಕಿಕೊಂಡು ಹೋಗುವುದೂ ಒಂದು ಒಳ್ಳೆಯ ಯಾತ್ರೆಯೇ, ದಾರಿ ಮಾತ್ರ ಬೇರೆಯಾಗುತ್ತದೆ. ಯಾವುದು ತಮಗೆ ಒಪ್ಪುತ್ತದೆ ಎಂಬುದನ್ನು ಅವರವರೇ ತೀರ್ಮಾನಿಸಬೇಕು. ಆದರೆ ಆ ತೀರ್ಮಾನ ಊರು ಬಿಡುವ ಮೊದಲೇ ಆಗಿರಲಿ.

ಹಂತ 6: ಮೊದಲ ಯಾತ್ರೆಗೆ ನಾನು ಹೇಳುವ ದಾರಿ: ಓವೆರ್ನ್‌ನಿಂದ ರಾಕ್‌ಫೋರ್‌ಗೆ

ಫ್ರಾನ್ಸಿನ ನಡುಭಾಗದ ಓವೆರ್ನ್ ಪ್ರದೇಶದ ಕ್ಲೆರ್ಮೋಂ-ಫೆರಾನ್ ನಗರದಿಂದ ಹೊರಟು ಸೇಂಟ್-ನೆಕ್ಟೇರ್, ಸಾಲೆರ್ಸ್, ಓರಿಯಾಕ್, ಲಾಗ್ಯೋಲ್, ಮಿಯ್ಯೋ ದಾಟಿ ರಾಕ್‌ಫೋರ್ ಸೇರುವ ಈ ದಾರಿ ಒಟ್ಟು 400 ಕಿಲೋಮೀಟರ್ ಆಸುಪಾಸು. ಹತ್ತು ಹನ್ನೆರಡು ದಿನಕ್ಕೆ ಹಂಚಿಕೊಳ್ಳಿ. ಆಲ್ಪ್ಸ್‌ಗಿಂತ ಜನ ಕಡಿಮೆ, ಖರ್ಚು ಕಡಿಮೆ, ನಾಲ್ಕು ಬಗೆಯ ಚೀಸ್ ಹುಟ್ಟುವುದನ್ನು ಹತ್ತಿರದಿಂದ ನೋಡಬಹುದು.

ಮೊದಲ ಮೂರು ದಿನ ಸೇಂಟ್-ನೆಕ್ಟೇರ್ ಸುತ್ತಮುತ್ತ. ಆರಿದ ಜ್ವಾಲಾಮುಖಿಗಳ ನಾಡು, ಕಪ್ಪು ಕಲ್ಲಿನ ಮನೆಗಳು, ದಟ್ಟ ಹುಲ್ಲು. ಇಲ್ಲಿನ ಹೊಲಮನೆಗಳಲ್ಲಿ ದಿನಕ್ಕೆರಡು ಸಲ, ಹಾಲು ಕರೆದ ಕೂಡಲೇ, ಅದರ ಬಿಸಿ ಆರುವ ಮೊದಲೇ ಚೀಸ್‌ಗೆ ಇಡುತ್ತಾರೆ. ಹಾಗಾಗಿ ಸಂಜೆಯ ಕರಾವಿಗೆ ಹೋದರೆ ಹಾಲು ಗಡ್ಡೆ ಕಟ್ಟಿ, ಹಾಲೊಡಕು ಬಸಿದು, ಅಚ್ಚಿಗೆ ಹೋಗುವವರೆಗೆ ಎಲ್ಲವನ್ನೂ ಒಂದೇ ಸಂಜೆ ನೋಡಬಹುದು. ಸುಮಾರು 21 ಸೆಂಟಿಮೀಟರ್ ಅಡ್ಡಗಲ, 1.7 ಕಿಲೋ ತೂಕದ ಚಪ್ಪಟೆ ಚಕ್ರ. ಕಡಿಮೆಯೆಂದರೆ 28 ದಿನ ಮಾಗಬೇಕು. ಮೇಲಿನ ಬೂದುಬಣ್ಣದ ಸಿಪ್ಪೆಗೆ ಹಸಿ ಮಣ್ಣಿನ ವಾಸನೆ, ಒಳಗೆ ಮೆತ್ತನೆ ತಿರುಳು.

ನಾಲ್ಕನೇ ದಿನ ಸಾಲೆರ್ಸ್ ಕಡೆಗೆ. ನಡುವೆ ಪ್ವೀ ಮಾರಿ ಶಿಖರದ ಪಕ್ಕ 1,589 ಮೀಟರ್ ಎತ್ತರದ ಪಾ ದ ಪೆರೋಲ್ ಕಣಿವೆರಸ್ತೆಯಿದೆ. ನೋಟ ಅದ್ಭುತ, ರಸ್ತೆ ಕಿರಿದು, ಕಡಿದು, ಚಳಿಗಾಲದಲ್ಲಿ ಮುಚ್ಚಿರುತ್ತದೆ. ದೊಡ್ಡ ಗಾಡಿಯವರು ಮೋರಿಯಾಕ್ ಮೇಲೆ ಬಳಸಿಕೊಂಡು ಹೋಗುವುದೇ ಲೇಸು.

ಇಡೀ ದಾರಿಯಲ್ಲಿ ಒಂದೇ ಜಾಗದಲ್ಲಿ ಹೆಚ್ಚು ದಿನ ನಿಲ್ಲುವುದಿದ್ದರೆ ಅದು ಸಾಲೆರ್ಸ್‌ನಲ್ಲಿ. ಈ ಚೀಸ್ ಹೊಲಮನೆಯಲ್ಲಿ ಮಾತ್ರ ತಯಾರಾಗುತ್ತದೆ, ಡೇರಿಗೆ ಅವಕಾಶವಿಲ್ಲ. ಹಾಲು ಬೀಳುವುದು 'ಜೆರ್ಲ್' ಎಂಬ ಮರದ ಬಾನಿಗೆ. ಹೊರಗಿನಿಂದ ಹೆಪ್ಪಿನ ಬ್ಯಾಕ್ಟೀರಿಯಾ ಹಾಕುವ ಅಗತ್ಯವಿಲ್ಲ, ಆ ಮರದ ಒಳಮೈಯಲ್ಲಿ ತಲೆತಲಾಂತರದಿಂದ ನೆಲೆಸಿರುವ ಸೂಕ್ಷ್ಮಾಣುಗಳೇ ಹಾಲಿಗೆ ಇಳಿಯುತ್ತವೆ. ಸ್ಟೀಲ್ ಪಾತ್ರೆಯೇ ಶುಚಿ ಎಂದು ಮರದ ಬಾನಿಯನ್ನು ಅನುಮಾನಿಸಿದವರಿದ್ದರು; ರೈತರು ಬಿಟ್ಟುಕೊಡಲಿಲ್ಲ. ಅವರು ಬಿಟ್ಟುಕೊಡದೆ ಇದ್ದದ್ದರಿಂದಲೇ ಈ ಚೀಸ್ ಇಂದು ಈ ರುಚಿಯಲ್ಲಿ ಉಳಿದಿದೆ ಎಂದು ನಾನು ನಂಬುತ್ತೇನೆ.

'ಸಾಲೆರ್ಸ್ ಟ್ರಡಿಸಿಯೋ' ಎಂದು ಬರೆದದ್ದಾದರೆ ಹಾಲು ಕೂಡ ಸಾಲೆರ್ಸ್ ತಳಿಯದ್ದೇ. ಕೆಂಗಂದು ಬಣ್ಣ, ಗುಂಗುರು ಕೂದಲು, ಲೈರ್ ಎಂಬ ತಂತಿವಾದ್ಯದಂತೆ ಬಾಗಿದ ಕೊಂಬು. ಕರು ಪಕ್ಕದಲ್ಲಿಲ್ಲದೆ ಈ ಹಸು ಹಾಲು ಇಳಿಸುವುದಿಲ್ಲ. ಮೊದಲು ಕರು ಬಿಡುತ್ತಾರೆ, ಅದು ಒಂದೆರಡು ಗುಟುಕು ಕುಡಿದ ಮೇಲೆ ತಾಯಿಯ ಮುಂಗಾಲಿಗೆ ಕಟ್ಟುತ್ತಾರೆ. ಕರುವಿನ ಬೆನ್ನ ಮೇಲೆ ಚಿಟಿಕೆ ಉಪ್ಪು ಉದುರಿಸಿ ತಾಯಿ ಅದನ್ನು ನೆಕ್ಕುತ್ತಿರುವಾಗ ಹಾಲು ಕರೆಯುತ್ತಾರೆ. ನಾಟಿ ಹಸು ಸಾಕಿದ ಮನೆಯಿಂದ ಬಂದ ಕನ್ನಡಿಗರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಭಾಷೆ ಬಾರದಿದ್ದರೂ ಆ ರೈತರೊಂದಿಗೆ ಮಾತು ಶುರುವಾಗುವುದು ಇಲ್ಲಿಂದಲೇ.

ಚೀಸ್ ಗುರುತಿಸಲು ಕೆಂಪು ಲೋಹದ ಬಿಲ್ಲೆ ನೋಡಿ. ಒಂದೊಂದು ಉರುಳೆಯೂ 30ರಿಂದ 50 ಕಿಲೋ. ಒತ್ತಿದ ಗಡ್ಡೆಯನ್ನು ಹುಳಿಯಲು ಬಿಟ್ಟು, ಪುಡಿಮಾಡಿ, ಉಪ್ಪು ಬೆರೆಸಿ, ಮತ್ತೆ ಒತ್ತುತ್ತಾರೆ. ಪಕ್ಕದಲ್ಲೇ ವರ್ಷಪೂರ್ತಿ ತಯಾರಾಗುವ ಕಾಂತಾಲ್ ಸಿಗುತ್ತದೆ. ಎಳೆಯದು, ನಡುವಯಸ್ಸಿನದು, ಎಂಟು ತಿಂಗಳು ದಾಟಿದ ಹಳೆಯದು ಎಂದು ಮೂರು ಬಗೆ. ಮೂರರ ಚಿಕ್ಕ ಚಿಕ್ಕ ತುಂಡು ತೆಗೆದುಕೊಳ್ಳಿ.

ಅಲ್ಲಿಂದ ಓಬ್ರಾಕ್ ಪ್ರಸ್ಥಭೂಮಿಗೆ. ಮೇ 25ರ ಆಸುಪಾಸಿನ ವಾರಾಂತ್ಯದಲ್ಲಿ ಹೂವು, ಗಂಟೆ ಕಟ್ಟಿ ಹಸುಗಳನ್ನು ಬೆಟ್ಟಕ್ಕೆ ಹೊಡೆಯುವ ಹಬ್ಬ ನಡೆಯುತ್ತದೆ. ಆ ದಿನಗಳಿಗೆ ಹೊಂದಿಸಿಕೊಂಡರೆ ಒಳ್ಳೆಯದು, ಆದರೆ ಗಾಡಿ ನಿಲ್ಲಿಸುವ ಜಾಗಕ್ಕೆ ಹಿಂದಿನ ದಿನವೇ ತಲುಪಿ. ಲಾಗ್ಯೋಲ್ ಊರಿನಲ್ಲಿ 1960ರಲ್ಲಿ ಯುವ ರೈತರು ಕಟ್ಟಿದ ಜನ್ ಮೋಂತಾನ್ ಸಹಕಾರಿ ಸಂಘದ ಚೀಸ್ ತಯಾರಿಕೆಯನ್ನು ಗಾಜಿನ ಆಚೆಯಿಂದ ನೋಡಬಹುದು. ನಶಿಸಿಹೋಗುತ್ತಿದ್ದ ಲಾಗ್ಯೋಲ್ ಚೀಸ್ ಉಳಿದದ್ದು ಇವರಿಂದ. ಇಲ್ಲಿ ತಾಜಾ ಚೀಸ್ ಗಡ್ಡೆ ಕೊಂಡು ಗಾಡಿಯ ಒಲೆಯ ಮೇಲೇ ಅಲಿಗೋ ಎಂಬ ಆಲೂಗಡ್ಡೆ-ಚೀಸ್ ಅಡುಗೆ ಮಾಡಿ: ಒಂದು ಕಿಲೋ ಆಲೂಗಡ್ಡೆ ಬೇಯಿಸಿ ನುಣ್ಣಗೆ ಮಸೆದು, ಬೆಣ್ಣೆ, ಕೆನೆ, ಜಜ್ಜಿದ ಬೆಳ್ಳುಳ್ಳಿ ಸೇರಿಸಿ, 400 ಗ್ರಾಂ ಗಡ್ಡೆಯನ್ನು ತೆಳ್ಳಗೆ ಹೆಚ್ಚಿ ಹಾಕಿ, ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ಒಂದೇ ದಿಕ್ಕಿಗೆ ತಿರುವುತ್ತಾ ಹೋಗಿ. ಸೌಟು ಮೇಲೆತ್ತಿದಾಗ ಉದ್ದದ ಎಳೆಯಾಗಿ ಬಂದರೆ ಆಯಿತು. ಕುದಿಸಿದರೆ ಎಳೆ ಹರಿಯುತ್ತದೆ.

ಕೊನೆಯದು ರಾಕ್‌ಫೋರ್. ಕೋಂಬಾಲು ಬೆಟ್ಟದ ಒಂದು ಪಾರ್ಶ್ವ ಕುಸಿದು ಬಂಡೆಗಳ ನಡುವೆ ಬಿರುಕು ಬಿಟ್ಟಿದೆ. 'ಫ್ಲರೀನ್' ಎಂಬ ಆ ಬಿರುಕುಗಳಿಂದ ತೇವ ತುಂಬಿದ ತಂಪು ಗಾಳಿ ವರ್ಷವಿಡೀ ನೆಲಮಾಳಿಗೆಗಳಿಗೆ ಬೀಸುತ್ತದೆ. ನೀಲಿ ಗೆರೆ ಮೂಡಿಸುವ ಬೂಷ್ಟಿಗೆ ಪೆನಿಸಿಲಿಯಂ ರಾಕ್‌ಫೋರ್ಟಿ ಎಂಬ ಹೆಸರು ಬಂದದ್ದೇ ಈ ಊರಿನಿಂದ. 1925ರಲ್ಲಿ ಕಾನೂನಿನ ರಕ್ಷಣೆ ಪಡೆದ ಮೊದಲ ಫ್ರೆಂಚ್ ಚೀಸ್ ಇದು. ಈಗ ಮಾಡುವವರು ಬೆರಳೆಣಿಕೆಯ ಸಂಸ್ಥೆಗಳು. ಸೊಸಿಯೆತೆ, ಪಾಪಿಯೋನ್, ಗಾಬ್ರಿಯೆಲ್ ಕುಲೆ ತಮ್ಮ ನೆಲಮಾಳಿಗೆ ತೋರಿಸುತ್ತವೆ. ಹೊರಗೆ 35 ಡಿಗ್ರಿ ಬಿಸಿಲಿದ್ದರೂ ಸ್ವೆಟರ್ ಒಯ್ಯಿರಿ, ಒಳಗೆ 10 ಡಿಗ್ರಿ ಆಸುಪಾಸು. ಮೂರು ಮನೆಗಳ ಚೀಸ್ ಕೊಂಡು ಹೋಲಿಸಿ ತಿನ್ನಿ. ಒಂದೇ ಬೆಟ್ಟದ ಗಾಳಿಯಲ್ಲಿ ಮಾಗಿದರೂ ಉಪ್ಪು, ಖಾರ, ಕೆನೆತನ ಬೇರೆ ಬೇರೆ.

ಹಂತ 7: ಮುಂದಿನ ಸಲಕ್ಕೆ

ಎರಡನೇ ಯಾತ್ರೆಗೆ ಜ್ಯೂರಾ. ಅಲ್ಲಿ ರೈತರ ಹಾಲು ಸೇರುವುದು 'ಫ್ರುಇತಿಯೆರ್' ಎಂಬ ಹಳ್ಳಿಯ ಸಹಕಾರಿ ಚೀಸ್‌ಮನೆಗೆ. ಒಂದು ಕೋಂತೆ ಚಕ್ರಕ್ಕೆ ಸುಮಾರು 400 ಲೀಟರ್ ಹಾಲು ಬೇಕು, ತೂಕ 40 ಕಿಲೋ. ತಾಮ್ರದ ಕೊಪ್ಪರಿಗೆಯಲ್ಲಿ ಕೆಲಸ ನಡೆಯುವುದು ಬೆಳಿಗ್ಗೆ. ಹತ್ತು ಗಂಟೆಗೆ ಹೋದರೆ ತೊಳೆದ ನೆಲವಷ್ಟೇ ಕಾಣುತ್ತದೆ. ಪೊಲಿನೀ ಊರಿನಲ್ಲಿ 'ಮೇಸೋ ದ್ಯು ಕೋಂತೆ' ಎಂಬ ವಸ್ತುಸಂಗ್ರಹಾಲಯವಿದೆ. ಅದಕ್ಕಿಂತ ಮುಖ್ಯವಾದದ್ದು ಸೇಂಟ್-ಆಂತುವಾನ್ ಕೋಟೆ: 19ನೇ ಶತಮಾನದ ಸೇನಾ ಕೋಟೆಯಲ್ಲಿ 1966ರಿಂದ ಕೋಂತೆ ಮಾಗುತ್ತಿದೆ, ಈಗ ಸುಮಾರು ಒಂದು ಲಕ್ಷ ಚಕ್ರಗಳು. ಮೊದಲೇ ಕಾಯ್ದಿರಿಸಬೇಕು. ಕೊಳ್ಳುವಾಗ ಎಷ್ಟು ತಿಂಗಳಿನದು ಎಂಬುದರ ಜತೆ ಬೇಸಿಗೆಯ ಹಾಲಿನದೋ ಚಳಿಗಾಲದ್ದೋ ಎಂದೂ ಕೇಳಿ. ಹಸಿ ಹುಲ್ಲಿನ ಕ್ಯಾರೋಟಿನ್‌ನಿಂದ ಬೇಸಿಗೆಯದು ಹಳದಿ, ಒಣಹುಲ್ಲಿನ ಕಾಲದ್ದು ತೆಳುಬಣ್ಣ.

ಆಲ್ಪ್ಸ್‌ನಲ್ಲಿ ರೆಬ್ಲೋಶೋನ್‌ಗೆ ಗ್ರಾನ್-ಬೋರ್ನಾನ್ ಊರಿನ ಬುಧವಾರದ ಸಂತೆ, ಬೋಫೋರ್‌ಗೆ ಅದೇ ಹೆಸರಿನ ಊರಿನ ಸಹಕಾರಿ ಸಂಘ. ಲ್ವಾರ್‌ನಲ್ಲಿ ತಲೆ ಕತ್ತರಿಸಿದ ಪಿರಮಿಡ್ಡಿನಂಥ ವಲಾನ್ಸೆ, ನಡುವೆ ಜೋಳದ ದಂಟಿನಂತೆ ರೈ ಹುಲ್ಲಿನ ಕಡ್ಡಿ ತೂರಿಸಿದ ಸೇಂಟ್-ಮೋರ್. ಬಾಸ್ಕ್ ಬೆಟ್ಟಗಳಲ್ಲಿ ಕುರಿಹಾಲಿನ ಓಸೋ-ಇರಾತಿಯನ್ನು ಕಪ್ಪು ಚೆರ್ರಿ ಜಾಮ್ ಜತೆ ತಿನ್ನುತ್ತಾರೆ. ಪ್ರೊವಾನ್ಸ್‌ನ ಬಾನೋನ್ ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿ ಬರುತ್ತದೆ. ಒಂದೊಂದಕ್ಕೂ ಒಂದೊಂದು ವಸಂತ ಮೀಸಲಿಡಬಹುದು.

ಹಂತ 8: ಕೊಳ್ಳುವುದು, ಇಡುವುದು, ತಿನ್ನುವುದು

ಸಂತೆಗಳು ಹೆಚ್ಚಾಗಿ ಬೆಳಿಗ್ಗೆ ಮಾತ್ರ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ, ಹಲವು ಕಡೆ ಸೋಮವಾರ ಇಡೀ ದಿನ ಮುಚ್ಚಿರುತ್ತವೆ. 'ಗುತೆ' (ರುಚಿ ನೋಡಬಹುದೇ) ಎಂದು ಕೇಳಲು ನಾಚಬೇಡಿ. ಎರಡು ದಿನಕ್ಕೆ ಬೇಕಾಗುವಷ್ಟೇ ಕೊಳ್ಳಿ. ಮೆತ್ತನೆಯದಾದರೆ ಇಂದು ತಿನ್ನಲೋ ನಾಡಿದ್ದು ತಿನ್ನಲೋ ಎಂದು ಅವರೇ ಕೇಳುತ್ತಾರೆ, ಅದಕ್ಕೆ ತಕ್ಕ ಹದದ್ದನ್ನು ಒತ್ತಿ ನೋಡಿ ಕೊಡುತ್ತಾರೆ.

ಗಾಡಿಯ ಫ್ರಿಜ್ ಚಿಕ್ಕದು. ತರಕಾರಿ ಡ್ರಾಯರಿನಲ್ಲಿ ಚೀಸ್ ಇಡಿ, ಅಂಗಡಿಯವರು ಸುತ್ತಿಕೊಟ್ಟ ಮೇಣದ ಕಾಗದ ಬಿಚ್ಚಿ ಪ್ಲಾಸ್ಟಿಕ್‌ಗೆ ಹಾಕಬೇಡಿ, ಚೀಸ್ ಬೆವರಿ ಕಹಿಯಾಗುತ್ತದೆ. ನೀಲಿ ಚೀಸ್ ಪ್ರತ್ಯೇಕ ಡಬ್ಬಿಯಲ್ಲಿ. ಎಪ್ವಾಸ್, ಮುನ್‌ಸ್ಟರ್, ಮಾರ್ವಾಲ್‌ನಂಥ, ಮಾಗಿಸುವಾಗ ಸಿಪ್ಪೆಯನ್ನು ತೊಳೆಯುತ್ತಾ ಬಂದ ಗಾಢ ವಾಸನೆಯ ಚೀಸ್‌ಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಗಾಡಿಯ ಹಿಂದಿನ ಸಾಮಾನು ಕೋಣೆಯಲ್ಲಿಡಿ. ಮಲಗುವ ಜಾಗದಲ್ಲಿ ಆ ವಾಸನೆ ಹತ್ತಿದರೆ ಹಾಸಿಗೆಯಿಂದ ಹೋಗುವುದಿಲ್ಲ.

ತಿನ್ನುವ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ. ತಣ್ಣಗಿರುವ ಚೀಸ್‌ಗೆ ರುಚಿಯಿಲ್ಲ. ಆಡಿನ ತಾಜಾ ಚೀಸ್‌ನಿಂದ ಶುರುಮಾಡಿ ನೀಲಿಯಲ್ಲಿ ಮುಗಿಸಿ. ಬ್ರೀಯಂಥ ತ್ರಿಕೋನ ತುಂಡಿನ ಮೂತಿ ಕತ್ತರಿಸಬಾರದು. ಮಧ್ಯದ ಮಾಗಿದ ಭಾಗ, ಅಂಚಿನ ಸಿಪ್ಪೆ ಎಲ್ಲರಿಗೂ ಸಮನಾಗಿ ಬರುವಂತೆ ಉದ್ದಕ್ಕೆ ಸೀಳಬೇಕು. ವೈನ್ ಕುಡಿಯುವವರು ಗಾಡಿ ನಿಂತ ಮೇಲೆ, ಆ ದಿನದ ಓಡಾಟ ಮುಗಿದ ಮೇಲೆ ಕುಡಿಯಲಿ. ಚಾಲಕರ ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ.

ಹಂತ 9: ಮನೆಗೆ ಒಯ್ಯುವುದು

ಕೊನೆಯ ಎರಡು ದಿನಗಳಲ್ಲಿ ಮಾತ್ರ ಒಯ್ಯಲು ಕೊಳ್ಳಿ. ಹಳೆಯ ಕೋಂತೆ, ಬೋಫೋರ್, ಹಳೆ ಕಾಂತಾಲ್, ಓಸೋ-ಇರಾತಿ ಗಟ್ಟಿ ಚೀಸ್‌ಗಳು, ಪ್ರಯಾಣ ತಡೆಯುತ್ತವೆ. 'ಸು ವೀದ್' ಎಂದು ಕೇಳಿದರೆ ಗಾಳಿ ತೆಗೆದು ಪ್ಯಾಕ್ ಮಾಡಿಕೊಡುತ್ತಾರೆ. ಮೆತ್ತನೆಯವನ್ನು ಅಲ್ಲೇ ತಿಂದು ಮುಗಿಸಿ. ನೀವು ಹೋಗುವ ದೇಶದ ಕಸ್ಟಮ್ಸ್ ನಿಯಮವನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಮುಖ್ಯವಾಗಿ ಬ್ರಿಟನ್ನಿನಿಂದ ಸ್ವಂತ ಗಾಡಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬರುವ ಕನ್ನಡಿಗ ಕುಟುಂಬಗಳು ಗಮನಿಸಬೇಕು: ಜಾನುವಾರು ರೋಗದ ಭಯದಿಂದ 2025ರ ಏಪ್ರಿಲ್ 12ರಿಂದ ಯುರೋಪಿಯನ್ ಒಕ್ಕೂಟದ ಹಾಲಿನ ಉತ್ಪನ್ನಗಳನ್ನು ಸ್ವಂತ ಬಳಕೆಗೂ ಬ್ರಿಟನ್ನಿಗೆ ಒಯ್ಯುವಂತಿಲ್ಲ ಎಂದು ಅಲ್ಲಿನ ಸರ್ಕಾರ ತಡೆ ಹಾಕಿತು. ತಡೆ ಇನ್ನೂ ಜಾರಿಯಲ್ಲಿದ್ದರೆ ಅಂಗಡಿಯಲ್ಲಿ ಸೀಲ್ ಮಾಡಿಸಿದ್ದನ್ನೂ ಬಿಡುವುದಿಲ್ಲ. ಉಳಿದ ಚೀಸ್ ಅನ್ನು ಕಾಲೇ ಬಂದರಿಗೆ ತಲುಪುವ ಮೊದಲೇ ಊಟಕ್ಕೆ ಬಳಸಿಬಿಡಿ.